ಗಡಿನಾಡಿನ ಕಾವ್ಯಪರಿಭಾಷೆ: ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರದೇಶ

ಪದ್ಯದ ನಡೆ, ನಾದ, ಅರ್ಥ ಮತ್ತು ಅನುಭವಗಳನ್ನು ಗುರುತಿಸಿ ಹೆಸರಿಸಲು ಕವಿಗಳೂ ಲಾಕ್ಷಣಿಕರೂ ಹಾಡುಗಾರರೂ ಬಳಸುತ್ತ ಬಂದ ಪದಗಳ ಸಮುದಾಯವೇ ಕಾವ್ಯಪರಿಭಾಷೆ. ಛಂದಸ್ಸು, ಪ್ರಾಸ, ಯತಿ, ಅಲಂಕಾರ, ರಸ, ಧ್ವನಿ ಮೊದಲಾದ ಶಾಸ್ತ್ರೀಯ ಪದಗಳ ಜೊತೆಗೆ ಸುಳಾದಿ, ಉಗಾಭೋಗ, ಅಂಕಿತ, ಮುಂಡಿಗೆ, ಬೆಡಗು ಮುಂತಾದ ಹಾಡುಗಬ್ಬದ ಪದಗಳೂ ಇದರಲ್ಲಿ ಸೇರುತ್ತವೆ. ತೆಲಂಗಾಣದ ಪಶ್ಚಿಮದ ಅಂಚಿನಲ್ಲಿರುವ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಪ್ರದೇಶವು ಈ ಪರಿಭಾಷೆಯನ್ನು ಅರಿಯಲು ವಿಶೇಷವಾಗಿ ಅನುಕೂಲವಾದ ನೆಲೆಯಾಗಿದೆ. ಕನ್ನಡ, ತೆಲುಗು, ಸಂಸ್ಕೃತ ಮತ್ತು ಉರ್ದು ಕಾವ್ಯಮಾರ್ಗಗಳು ಇಲ್ಲಿ ಅಕ್ಕಪಕ್ಕದಲ್ಲೇ ಬೆಳೆದಿರುವುದರಿಂದ, ಒಂದು ಭಾಷೆಯ ಲಕ್ಷಣಪದವನ್ನು ಚೆನ್ನಾಗಿ ಅರಿತವರಿಗೆ ಇನ್ನೊಂದು ಭಾಷೆಯ ಪದ್ಯವೂ ತೆರೆದುಕೊಳ್ಳುತ್ತದೆ.

ಪ್ರದೇಶ ಮತ್ತು ಪರಂಪರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಹಾಗೂ ಕೃಷ್ಣೆಯ ಉತ್ತರ ದಡದ ಈ ಸೀಮೆ ರಾಯಚೂರಿಗೆ ಹೊಂದಿಕೊಂಡಿದ್ದು, ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ರಾಯಚೂರು ಜಿಲ್ಲೆಯಲ್ಲಿದ್ದವು. ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋಗಿ ಮಹಬೂಬನಗರ ಜಿಲ್ಲೆಯನ್ನು ಸೇರಿದವು. ಮುಂದೆ 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಮಕ್ತಲ್ ಮತ್ತು ಕೃಷ್ಣಾ ಮಂಡಲಗಳ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತಾಗಿದ್ದು, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ.

ಇಲ್ಲಿನ ಕನ್ನಡದ ಬೇರು ಆಡಳಿತದ ಗಡಿಗಳಿಗಿಂತ ಬಹಳ ಹಳೆಯದು. ಆಲಂಪುರದ ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರ ಕಾಲದವು; ಆ ಊರಿನಲ್ಲಿ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು 'ಕವಿರಾಜಮಾರ್ಗ' ಹೇಳುವ ಎಲ್ಲೆಯೊಳಗೇ ಈ ಸೀಮೆ ಬರುತ್ತದೆ. ಇನ್ನೂ ಉತ್ತರಕ್ಕೆ, ಇಂದಿನ ತೆಲಂಗಾಣದಲ್ಲೇ ಇರುವ ವೇಮುಲವಾಡದಲ್ಲಿ ಚಾಲುಕ್ಯ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ಹತ್ತನೆಯ ಶತಮಾನದಲ್ಲಿ 'ಆದಿಪುರಾಣ' ಮತ್ತು 'ವಿಕ್ರಮಾರ್ಜುನವಿಜಯ'ಗಳನ್ನು ರಚಿಸಿದನು. ಅವನ ತಮ್ಮ ಜಿನವಲ್ಲಭನು ಕರೀಂನಗರ ಸಮೀಪದ ಕುರ್ಕ್ಯಾಲದ ಬಂಡೆಯಲ್ಲಿ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇದ್ದು, ತೆಲುಗಿನ ಭಾಗವು ಮೂರು ಕಂದಪದ್ಯಗಳ ರೂಪದಲ್ಲಿದೆ. ಒಂದೇ ಬಂಡೆಯ ಮೇಲೆ ಮೂರು ಭಾಷೆಗಳನ್ನು ಬರೆಸಿದವನಿಗೆ, ಭಾಷೆ ಬದಲಾದರೂ ಕಂದದ ಅಳತೆ ಬದಲಾಗದೆಂಬ ಅರಿವು ಸಹಜವಾಗಿಯೇ ಇತ್ತು.

ಲಕ್ಷಣಗ್ರಂಥಗಳು

ಪದ್ಯದ ನಿಯಮಗಳನ್ನು ನಿರೂಪಿಸುವ ಗ್ರಂಥ ಲಕ್ಷಣಗ್ರಂಥ. ಆ ನಿಯಮಗಳಿಗೆ ಉದಾಹರಣೆಯಾಗುವ ಕಾವ್ಯ ಲಕ್ಷ್ಯ. ಕನ್ನಡದಲ್ಲಿ ದೊರೆತಿರುವ ಮೊದಲ ಲಕ್ಷಣಗ್ರಂಥವಾದ 'ಕವಿರಾಜಮಾರ್ಗ'ವು ಸುಮಾರು 850ರಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ದಂಡಿಯ 'ಕಾವ್ಯಾದರ್ಶ'ವನ್ನು ಬಹುಮಟ್ಟಿಗೆ ಅನುಸರಿಸುವ ಈ ಗ್ರಂಥದ ಮೂರು ಪರಿಚ್ಛೇದಗಳು ಕ್ರಮವಾಗಿ ಕಾವ್ಯದೋಷ, ಶಬ್ದಾಲಂಕಾರ ಮತ್ತು ಅರ್ಥಾಲಂಕಾರಗಳನ್ನು ವಿಚಾರಿಸುತ್ತವೆ. ಗುಣಕ್ಕಿಂತ ಮೊದಲು ದೋಷವನ್ನು ಹೇಳುವ ಈ ಕ್ರಮ ಅರ್ಥಪೂರ್ಣವಾದುದು: ಕಿವಿಗೆ ಯಾವುದು ಒಪ್ಪದೆಂದು ಮೊದಲು ತಿಳಿದ ಓದುಗನಿಗೆ ಯಾವುದು ಒಪ್ಪುತ್ತದೆಂದು ಕಲಿಸುವುದು ಸುಲಭ. ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮನು ರಚಿಸಿದ 'ಛಂದೋಂಬುಧಿ' ಛಂದಸ್ಸಿಗೂ, ಎರಡನೆಯ ನಾಗವರ್ಮನ 'ಕಾವ್ಯಾವಲೋಕನ' ಕಾವ್ಯಮೀಮಾಂಸೆಗೂ ಆಧಾರಗ್ರಂಥಗಳಾದವು.

ಛಂದಸ್ಸು: ಅಳತೆಯ ಘಟಕಗಳು

ಪದ್ಯದ ಅಳತೆಯ ವಿಚಾರವೇ ಛಂದಸ್ಸು. ಹ್ರಸ್ವಸ್ವರದಿಂದ ಕೂಡಿದ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ನಿಯಮಿತವಾದ ಗುಂಪು ಗಣ. ಕನ್ನಡದಲ್ಲಿ ಗಣಗಳು ಮೂರು ಬಗೆ: ಅಕ್ಷರಗಳನ್ನು ಎಣಿಸುವ ಅಕ್ಷರಗಣ, ಮಾತ್ರೆಗಳನ್ನು ಎಣಿಸುವ ಮಾತ್ರಾಗಣ, ಹಾಡುವ ಕಾಲದ ಉಸಿರಿಗೆ ಹೊಂದಿಕೊಂಡ ಅಂಶಗಣ.

ಅಕ್ಷರಗಣದ ಪದ್ಯಗಳಲ್ಲಿ ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಸ್ರಗ್ಧರೆ, ಮಹಾಸ್ರಗ್ಧರೆ ಎಂಬ ಆರು ವೃತ್ತಗಳು ಚಂಪೂಕವಿಗಳಿಗೆ ಬಹಳ ಪ್ರಿಯವಾಗಿದ್ದು, ಖ್ಯಾತಕರ್ನಾಟಕಗಳೆಂದು ಹೆಸರಾಗಿವೆ. ಗದ್ಯಪದ್ಯಗಳು ಬೆರೆತ ಕಾವ್ಯವೇ ಚಂಪೂ. ಮಾತ್ರಾಗಣದ ಪದ್ಯಗಳಲ್ಲಿ ಕಂದ ಮುಖ್ಯವಾದುದು: ನಾಲ್ಕು ಮಾತ್ರೆಯ ಗಣಗಳು ಒಂದು ಮತ್ತು ಮೂರನೆಯ ಸಾಲುಗಳಲ್ಲಿ ಮೂರು ಮೂರು, ಎರಡು ಮತ್ತು ನಾಲ್ಕನೆಯ ಸಾಲುಗಳಲ್ಲಿ ಐದು ಐದು ಬಂದು ಒಟ್ಟು 64 ಮಾತ್ರೆಗಳಾಗುತ್ತವೆ. ಷಟ್ಪದಿಯು ಆರು ಸಾಲಿನ ಪದ್ಯ. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಅದರಲ್ಲಿ ಆರು ಬಗೆಗಳಿವೆ. ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಿಗೆ ಕೊನೆಯ ಗುರುವೂ ಸೇರಿ 23 ಮಾತ್ರೆ.

ಅಂಶಗಣಗಳು ಬ್ರಹ್ಮ, ವಿಷ್ಣು, ರುದ್ರ ಎಂಬ ಮೂರು. ಅವುಗಳಿಗೆ ಕ್ರಮವಾಗಿ ಎರಡು, ಮೂರು, ನಾಲ್ಕು ಅಂಶಗಳು. ತ್ರಿಪದಿಯ ಮೂರು ಸಾಲುಗಳಲ್ಲಿ ಒಟ್ಟು ಹನ್ನೊಂದು ಗಣಗಳಿದ್ದು, ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯಲ್ಲಿರುವ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣುವ ಈ ಛಂದಸ್ಸೇ ಉತ್ತರ ಕರ್ನಾಟಕದ ಬೀಸುವ ಕಲ್ಲಿನ ಹಾಡುಗಳಲ್ಲೂ ಉಳಿದುಬಂದಿದೆ. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಎತ್ತಿಕೊಳ್ಳುವುದರಿಂದ ಮೂರು ಸಾಲು ನಾಲ್ಕಾಗಿ ಕೇಳಿಸುತ್ತದೆ. ಅಂಶಛಂದಸ್ಸನ್ನು ಪುಟದ ಮೇಲೆ ಎಣಿಸಿ ಅರಿಯುವುದು ಕಷ್ಟ, ಹಾಡಿ ಅರಿಯುವುದು ಸುಲಭ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಪ್ರಾಸ ಮತ್ತು ಯತಿ

ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು ಆದಿಪ್ರಾಸ. ಇದಕ್ಕೆ ದ್ವಿತೀಯಾಕ್ಷರ ಪ್ರಾಸವೆಂದೂ ಹೆಸರು. ಉದಾಹರಣೆಗಾಗಿ ಕಟ್ಟಿದ ಈ ಎರಡು ಸಾಲುಗಳನ್ನು ನೋಡಬಹುದು:

ಮಳೆಯ ಹನಿಗೆ ನೆಲವು ನಕ್ಕಿತು
ಬೆಳೆಯ ತೆನೆಗೆ ಗಾಳಿ ಸೊಕ್ಕಿತು

ಎರಡೂ ಸಾಲುಗಳಲ್ಲಿ ಮೂರು ಮಾತ್ರೆಯ ಮೂರು ಗಣಗಳೂ ನಾಲ್ಕು ಮಾತ್ರೆಯ ಒಂದು ಗಣವೂ ಇವೆ. ಎರಡನೆಯ ಸ್ಥಾನದ ಳಕಾರ ಆದಿಪ್ರಾಸ, ಕೊನೆಯ 'ಕ್ಕಿತು' ಅಂತ್ಯಪ್ರಾಸ. ಪ್ರಾಸಾಕ್ಷರದ ಹಿಂದಿನ ಅಕ್ಷರ ಹ್ರಸ್ವವಾದ್ದರಿಂದ ಇದು ಸಿಂಹಪ್ರಾಸ. ಅದು ದೀರ್ಘವಾದರೆ ಗಜ, ಅನುಸ್ವಾರದಿಂದ ಕೂಡಿದರೆ ವೃಷಭ, ವಿಸರ್ಗದಿಂದ ಕೂಡಿದರೆ ಅಜ. ಉಳಿದ ಶರಭ ಮತ್ತು ಹಯ ಒತ್ತಕ್ಷರಗಳಿಗೆ ಸಂಬಂಧಿಸಿದವು.

ಆದಿಪ್ರಾಸವು ಕನ್ನಡಕ್ಕೂ ತೆಲುಗಿಗೂ ಸಮಾನವಾದ ಸಂಪತ್ತು. ಗದ್ವಾಲದ ಓದುಗನಿಗೆ ತೆಲುಗಿನ ಕಂದ, ಉತ್ಪಲಮಾಲೆ, ಚಂಪಕಮಾಲೆಗಳು ಕನ್ನಡದವುಗಳಂತೆಯೇ ಕೇಳಿಸಲು ಇದೂ ಒಂದು ಕಾರಣ. ಆದರೆ ಯತಿಯಲ್ಲಿ ದಾರಿಗಳು ಬೇರೆಯಾಗುತ್ತವೆ. ಸಂಸ್ಕೃತದಲ್ಲಿ ಯತಿಯೆಂದರೆ ಸಾಲಿನ ನಡುವಿನ ನಿಲುಗಡೆ; ಕನ್ನಡ ಕವಿಗಳು ಈ ನಿಲುಗಡೆಯನ್ನು ದಾಟುವ ಸ್ವಾತಂತ್ರ್ಯ ವಹಿಸಿದರು. ತೆಲುಗಿನಲ್ಲಿ ಯತಿಯೆಂದರೆ ಸಾಲಿನ ಮೊದಲ ಅಕ್ಷರಕ್ಕೂ ಗೊತ್ತಾದ ಸ್ಥಾನದ ಇನ್ನೊಂದು ಅಕ್ಷರಕ್ಕೂ ಇರಬೇಕಾದ ಧ್ವನಿಮೈತ್ರಿ. ಹೀಗೆ ಒಂದೇ ಹೆಸರಿನ ಪದ ಮೂರು ಭಾಷೆಗಳಲ್ಲಿ ಮೂರು ಕೆಲಸ ಮಾಡುವುದರಿಂದ, ಗಡಿನಾಡಿನ ವಿದ್ಯಾರ್ಥಿಯು ಯಾವ ಭಾಷೆಯ ಯತಿಯನ್ನು ಕುರಿತು ಮಾತು ನಡೆದಿದೆಯೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಅಲಂಕಾರಗಳು

ಶಬ್ದದ ಜೋಡಣೆಯಿಂದ ಚೆಲುವು ಹುಟ್ಟಿದರೆ ಶಬ್ದಾಲಂಕಾರ, ಅರ್ಥದ ಜೋಡಣೆಯಿಂದ ಹುಟ್ಟಿದರೆ ಅರ್ಥಾಲಂಕಾರ. ಒಂದೆರಡು ವ್ಯಂಜನಗಳು ಮತ್ತೆಮತ್ತೆ ಬರುವುದು ವೃತ್ತ್ಯನುಪ್ರಾಸ. 'ಹೊಳೆಯ ಬಳಿಯ ಎಳೆಯ ಬೆಳೆಯ ಕಳೆ' ಎಂಬಲ್ಲಿ ಳಕಾರದ ಆವೃತ್ತಿ ಇದಕ್ಕೆ ಉದಾಹರಣೆ. ಒಂದೇ ಅಕ್ಷರಸಮೂಹ ಬೇರೆ ಬೇರೆ ಅರ್ಥದಲ್ಲಿ ಮರಳಿ ಬಂದರೆ ಯಮಕ. ಶಬ್ದವನ್ನು ಬದಲಿಸಿ ಅದೇ ಅರ್ಥದ ಇನ್ನೊಂದನ್ನು ಇಟ್ಟಾಗ ಚೆಲುವು ಕೆಟ್ಟರೆ ಅದು ಶಬ್ದಾಲಂಕಾರ, ಉಳಿದರೆ ಅರ್ಥಾಲಂಕಾರ ಎಂಬುದು ಇವೆರಡನ್ನು ಬೇರ್ಪಡಿಸುವ ಸರಳ ಪರೀಕ್ಷೆ.

ಅರ್ಥಾಲಂಕಾರಗಳ ತಾಯಿಬೇರು ಉಪಮೆ. 'ಸಂಜೆಯ ಮುಗಿಲು ಗದ್ವಾಲ ಸೀರೆಯ ರೇಷ್ಮೆಯ ಅಂಚಿನಂತೆ ಹೊಳೆಯಿತು' ಎಂಬ ವಾಕ್ಯದಲ್ಲಿ ವರ್ಣಿಸಬೇಕಾದ ಮುಗಿಲು ಉಪಮೇಯ, ಹೋಲಿಕೆಗೆ ತಂದ ಅಂಚು ಉಪಮಾನ, ಹೊಳೆಯುವುದು ಸಮಾನಧರ್ಮ, 'ಅಂತೆ' ಎಂಬುದು ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಇಲ್ಲದಿದ್ದರೆ ಲುಪ್ತೋಪಮೆ. 'ಸಂಜೆಯ ಮುಗಿಲೇ ಬಾನಿನ ರೇಷ್ಮೆಯಂಚು' ಎಂದು ಎರಡಕ್ಕೂ ಭೇದವಿಲ್ಲವೆಂದರೆ ರೂಪಕ. 'ಬಾನು ಗದ್ವಾಲ ಸೀರೆಯುಟ್ಟು ಜಾತ್ರೆಗೆ ಹೊರಟಿದೆಯೋ ಏನೋ' ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. ಉಪಮೇಯವನ್ನು ಹೇಳದೆ ಉಪಮಾನವೊಂದನ್ನೇ ಹೇಳಿ ಅದರಲ್ಲಿ ಇದನ್ನು ಅಡಗಿಸಿಬಿಟ್ಟರೆ ಅತಿಶಯೋಕ್ತಿಯ ಒಂದು ಬಗೆ. ಒಂದೇ ನೋಟ ಉಪಮೆಯಿಂದ ಅತಿಶಯೋಕ್ತಿಯವರೆಗೆ ಸಾಗುವಾಗ, ಎರಡು ವಸ್ತುಗಳ ನಡುವಿನ ಅಂತರ ಹಂತಹಂತವಾಗಿ ಕಡಿಮೆಯಾಗುತ್ತ ಬರುವುದನ್ನು ಗಮನಿಸಿದರೆ, ಈ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಉಳಿಯುವುದಿಲ್ಲ.

ವಿಶೇಷ ಸಂಗತಿಯೊಂದನ್ನು ಸಾಮಾನ್ಯ ನಿಯಮದಿಂದ ಸಮರ್ಥಿಸುವುದು ಅರ್ಥಾಂತರನ್ಯಾಸ: 'ಬೇಸಿಗೆಯಲ್ಲಿ ಕೃಷ್ಣೆಯೂ ಸೊರಗುತ್ತಾಳೆ, ಕಾಲ ಕೂಡಿಬರದಾಗ ದೊಡ್ಡವರೂ ಕುಗ್ಗುವರು.' ಎರಡು ಸಂಗತಿಗಳನ್ನು ಬಿಂಬಪ್ರತಿಬಿಂಬಗಳಂತೆ ಎದುರುಬದುರು ನಿಲ್ಲಿಸಿದರೆ ದೃಷ್ಟಾಂತ. ಒಂದೇ ಶಬ್ದ ಎರಡು ಅರ್ಥಗಳನ್ನು ಹೊತ್ತರೆ ಶ್ಲೇಷ. 'ಕೃಷ್ಣೆ ಕೆರಳಿದಳು, ಕೇಡು ತಪ್ಪದು' ಎಂಬ ವಾಕ್ಯವು ನೆರೆ ಬಂದ ಹೊಳೆಗೂ ಸಭೆಯಲ್ಲಿ ನಿಂತ ದ್ರೌಪದಿಗೂ ಸಮನಾಗಿ ಸಲ್ಲುತ್ತದೆ. ಪಂಪನು ಅರಿಕೇಸರಿಯನ್ನೂ ಅರ್ಜುನನನ್ನೂ ಒಬ್ಬನೇ ಎಂಬಂತೆ ಕಂಡು ಕಾವ್ಯವಿಡೀ ನಿರ್ವಹಿಸಿದ ಅಭೇದವು, ಅಲಂಕಾರವೊಂದು ಬಿಡಿಪದ್ಯದ ಒಡವೆಯಾಗಿ ನಿಲ್ಲದೆ ಇಡೀ ಕೃತಿಯ ಎಲುಬಾಗಬಲ್ಲುದೆಂದು ತೋರಿಸುತ್ತದೆ.

ದಾಸಸಾಹಿತ್ಯದ ಪದಗಳು

ಹದಿನೆಂಟನೆಯ ಶತಮಾನದಲ್ಲಿ ರಾಯಚೂರು ಸೀಮೆ ಹರಿದಾಸ ಸಾಹಿತ್ಯದ ಎರಡನೆಯ ದೊಡ್ಡ ಬೆಳೆಯನ್ನು ಕಂಡಿತು. ಮಾನ್ವಿ ಬಳಿಯ ಚೀಕಲಪರವಿಯ ವಿಜಯದಾಸರು (1682–1755), ಅವರ ಶಿಷ್ಯರಾದ ಗೋಪಾಲದಾಸರು ಹಾಗೂ ಮಾನ್ವಿಯ ಜಗನ್ನಾಥದಾಸರು (1728–1809) ಈ ಪರಂಪರೆಯ ಪ್ರಮುಖರು. ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ನೆಲೆಸಿದ್ದು, ಈಗ ಗದ್ವಾಲ ಜಿಲ್ಲೆಯ ಐಜ ಮಂಡಲದಲ್ಲಿರುವ ಉತ್ತನೂರಿನಲ್ಲಿ. ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ಇದೇ ಉತ್ತನೂರಿಗೆ ಬಂದು ಗೋಪಾಲದಾಸರ ಅನುಗ್ರಹ ಪಡೆದು ಮುಂದೆ ಜಗನ್ನಾಥದಾಸರಾದರೆಂದು ಸಂಪ್ರದಾಯ ಹೇಳುತ್ತದೆ. ಕನ್ನಡ ಹಾಡುಗಬ್ಬದ ಪರಿಭಾಷೆಯ ಒಂದು ಕೇಂದ್ರವೇ ಹೀಗೆ ಈಗಿನ ತೆಲಂಗಾಣದೊಳಗಿದೆ.

ಪಲ್ಲವಿ, ಅನುಪಲ್ಲವಿ ಮತ್ತು ಚರಣಗಳುಳ್ಳ ಹಾಡು ಕೀರ್ತನೆ. ಪ್ರತಿ ಚರಣದ ಕೊನೆಯಲ್ಲಿ ಮರಳಿ ಬರುವ ಪಲ್ಲವಿಯು ಹೊಸ ಚರಣದ ಬೆಳಕಿನಲ್ಲಿ ಹೊಸ ಅರ್ಥ ಪಡೆಯುವುದೇ ಕೀರ್ತನೆಯ ಮರ್ಮ. ತಾಳದ ಕಟ್ಟಿಲ್ಲದೆ ರಾಗದಲ್ಲಿ ಬಿಡಿಸಿ ಹಾಡುವ ಕಿರಿಯ ರಚನೆ ಉಗಾಭೋಗ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮುಂತಾದ ತಾಳಗಳಲ್ಲಿ ಒಂದೊಂದು ನುಡಿಯನ್ನು ಹೆಣೆದು ಒಂದೇ ತತ್ತ್ವವನ್ನು ಬೆಳೆಸುವ ದೀರ್ಘ ರಚನೆ ಸುಳಾದಿ. ಅದನ್ನು ಮುಗಿಸುವ ಎರಡು ಸಾಲಿನ ನುಡಿ ಜತೆ. ವಿಜಯದಾಸರು ಸುಳಾದಿಗೇ ಹೆಸರಾದವರು. ತಾಳ ಬದಲಾದಂತೆ ವಿಚಾರದ ವೇಗವೂ ಬದಲಾಗುವುದರಿಂದ ಸುಳಾದಿಯಲ್ಲಿ ಛಂದಸ್ಸು ಮತ್ತು ಅರ್ಥ ಒಂದನ್ನೊಂದು ಬಿಟ್ಟಿರಲಾರವು. ಜಗನ್ನಾಥದಾಸರು ತತ್ತ್ವಸುವ್ವಾಲಿಗಳಿಗೆ ಜನಪದದ ತ್ರಿಪದಿಯನ್ನೂ, 32 ಸಂಧಿಗಳ 'ಹರಿಕಥಾಮೃತಸಾರ'ಕ್ಕೆ ಭಾಮಿನಿ ಷಟ್ಪದಿಯನ್ನೂ ಆರಿಸಿಕೊಂಡರು. ಕುಮಾರವ್ಯಾಸನ ಕೈಯಲ್ಲಿ ಕಥೆಯ ಓಟಕ್ಕೆ ಒದಗಿದ ಭಾಮಿನಿಯು ಇಲ್ಲಿ ದ್ವೈತ ವೇದಾಂತದ ಸೂಕ್ಷ್ಮ ವಿಚಾರಗಳನ್ನು ಹೊತ್ತುದು, ಛಂದಸ್ಸು ಕವಿಯ ಕೈಯಲ್ಲಿ ಎಷ್ಟು ಬಗೆಯಲ್ಲಿ ಪಳಗಬಲ್ಲುದೆಂಬುದಕ್ಕೆ ದೊಡ್ಡ ಸಾಕ್ಷಿ.

ರಚನೆಯ ಕೊನೆಯಲ್ಲಿ ಬರುವ ಕವಿಯ ಮುದ್ರೆ ಅಂಕಿತ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳು ಕರ್ತೃವನ್ನು ಗುರುತಿಸುವುದರ ಜೊತೆಗೆ ಹಾಡನ್ನು ದೇವರಿಗೆ ಅರ್ಪಿಸುತ್ತವೆ. ಹೊಗಳಿಕೆಯನ್ನು ಬೈಗುಳದ ರೂಪದಲ್ಲಿ ಹೇಳುವ ನಿಂದಾಸ್ತುತಿ, ಮೇಲ್ನೋಟಕ್ಕೆ ವಿರುದ್ಧವೆನಿಸುವ ಗುಣಗಳನ್ನು ಒಂದೆಡೆ ಇಡುವ ವಿರೋಧಾಭಾಸ ಇವೆರಡೂ ದಾಸರಿಗೆ ಪ್ರಿಯವಾದ ಅಲಂಕಾರಗಳು. ಒಗಟಿನ ರೂಪದಲ್ಲಿ ತತ್ತ್ವ ಹೇಳುವ ಹಾಡಿಗೆ ದಾಸಸಾಹಿತ್ಯದಲ್ಲಿ ಮುಂಡಿಗೆ ಎಂದೂ, ವಚನಸಾಹಿತ್ಯದಲ್ಲಿ ಅಂಥ ಮಾತಿಗೆ ಬೆಡಗು ಎಂದೂ ಹೆಸರು. ಕಲಬುರಗಿ, ರಾಯಚೂರು ಸೀಮೆಯ ತತ್ತ್ವಪದಕಾರರು ಬೆಡಗಿನ ದಾರಿಯನ್ನು ಮುಂದುವರಿಸಿದರು.

ಅವಧಾನ ಮತ್ತು ಆಸ್ಥಾನ

ಹದಿನೇಳನೆಯ ಶತಮಾನದ ಸೋಮಭೂಪಾಲನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಗದ್ವಾಲ ಸಂಸ್ಥಾನವು ಸಂಸ್ಕೃತ ಮತ್ತು ತೆಲುಗು ವಿದ್ವಾಂಸರಿಗೆ ಆಶ್ರಯ ನೀಡಿ 'ವಿದ್ವದ್ಗದ್ವಾಲ' ಎಂದು ಹೆಸರಾಯಿತು. ದಿವಾಕರ್ಲ ತಿರುಪತಿ ಶಾಸ್ತ್ರಿ ಮತ್ತು ಚೆಳ್ಳಪಿಳ್ಳ ವೆಂಕಟಶಾಸ್ತ್ರಿ ಅವರ ಜೋಡಿಯಾದ ತಿರುಪತಿ ವೆಂಕಟಕವಿಗಳು ಗೌರವ ಪಡೆದ ಆಸ್ಥಾನಗಳಲ್ಲಿ ಇದೂ ಒಂದು. ಅವರು ಪ್ರಸಿದ್ಧಿಗೆ ತಂದ ಅವಧಾನವೆಂಬ ಕಲೆಯಲ್ಲಿ ಕವಿಯು ಅನೇಕ ಪೃಚ್ಛಕರ ಪ್ರಶ್ನೆಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿಟ್ಟುಕೊಂಡು ಪದ್ಯರೂಪದಲ್ಲಿ ಉತ್ತರಿಸುತ್ತಾನೆ. ಅಸಂಗತವೆನಿಸುವ ಒಂದು ಸಾಲನ್ನು ಕೊಟ್ಟು ಉಳಿದ ಸಾಲುಗಳಿಂದ ಅದನ್ನು ಸಂಗತಗೊಳಿಸೆಂದು ಕೇಳುವುದು ಸಮಸ್ಯೆ. ಗೊತ್ತಾದ ಪದಗಳನ್ನು ಪದ್ಯದಲ್ಲಿ ಅಳವಡಿಸಬೇಕೆಂಬುದು ದತ್ತಪದಿ. ಹೆಜ್ಜೆಹೆಜ್ಜೆಗೂ ಒಂದೊಂದು ಅಕ್ಷರವನ್ನು ನಿಷೇಧಿಸುತ್ತ ಹೋಗುವುದು ನಿಷಿದ್ಧಾಕ್ಷರಿ. ಛಂದಸ್ಸು ರಕ್ತಗತವಾಗದಿದ್ದರೆ ಇವುಗಳಲ್ಲಿ ಒಂದೂ ಸಾಧ್ಯವಿಲ್ಲ. ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶ್ ಈ ಕಲೆಗೆ ಮತ್ತೆ ಜೀವ ತುಂಬಿದ್ದಾರೆ.

ಗಜಲ್‌ನ ಪರಿಭಾಷೆ

ಕುತುಬ್ ಶಾಹಿ ದೊರೆ ಮುಹಮ್ಮದ್ ಕುಲಿ ಕುತುಬ್ ಶಾಹನ (1565–1612) ಕಾಲದಿಂದಲೂ ಹೈದರಾಬಾದ್ ಸೀಮೆ ದಖ್ಖನಿ ಗಜಲ್‌ನ ನೆಲ. ಗಜಲ್ ಎಂಬುದು ಷೇರ್ ಎಂಬ ದ್ವಿಪದಿಗಳ ಮಾಲೆ; ಪ್ರತಿ ಷೇರ್ ಅರ್ಥದಲ್ಲಿ ಸ್ವತಂತ್ರವಾಗಿದ್ದು ಲಯ ಮತ್ತು ಪ್ರಾಸಗಳಿಂದ ಉಳಿದವುಗಳೊಂದಿಗೆ ಬೆಸೆದಿರುತ್ತದೆ. ಸಾಲಿನ ಕೊನೆಯಲ್ಲಿ ಬದಲಾಗದೆ ಮರಳಿ ಬರುವ ಪದವೋ ಪದಗುಚ್ಛವೋ ರದೀಫ್, ಅದರ ಹಿಂದೆ ಪ್ರಾಸಗೊಳ್ಳುವ ಪದ ಕಾಫಿಯಾ, ಮೊದಲ ಷೇರ್ ಮತ್ಲಾ, ಕೊನೆಯದು ಮಕ್ತಾ. ಉದಾಹರಣೆಗಾಗಿ ಕಟ್ಟಿದ ಒಂದು ಮತ್ಲಾ:

ಹೊಳೆ ಬತ್ತಿದರೂ ಮಳಲಿನ ಮೈಯಲ್ಲಿ ಅಲೆ ಉಳಿದಿದೆ ಇನ್ನೂ
ಊರು ಬಿಟ್ಟರೂ ಎದೆಯಂಗಳದಲ್ಲಿ ನೆಲೆ ಉಳಿದಿದೆ ಇನ್ನೂ

ಇಲ್ಲಿ 'ಉಳಿದಿದೆ ಇನ್ನೂ' ರದೀಫ್; 'ಅಲೆ', 'ನೆಲೆ' ಕಾಫಿಯಾ. ರಾಯಚೂರಿನ ಶಾಂತರಸರು (1924–2008) ಗಜಲನ್ನು ಕನ್ನಡಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಪ್ರಮುಖರು. ಕನ್ನಡದ ಹಳೆಯ ಕಿವಿ ಸಾಲಿನ ಆರಂಭದಲ್ಲಿ ಪ್ರಾಸವನ್ನು ನಿರೀಕ್ಷಿಸಿದರೆ ಗಜಲ್ ಅದನ್ನು ಕೊನೆಗೆ ಕಾದಿಡುತ್ತದೆ. ಹಾಗಿದ್ದರೂ ಮಕ್ತಾದಲ್ಲಿ ಕವಿ ತನ್ನ ಹೆಸರನ್ನು ಸೇರಿಸುವ ತಖಲ್ಲುಸ್, ಸ್ಥಾನದಲ್ಲಿ ದಾಸರ ಅಂಕಿತಕ್ಕೆ ಬಹಳ ಹತ್ತಿರದ್ದು. ಇವುಗಳ ನಡುವಿನ ಭೇದವೂ ಗಮನಾರ್ಹ: ತಖಲ್ಲುಸ್ ಕವಿಯನ್ನು ಅವನ ಮಾತಿನೊಳಗೆ ನಿಲ್ಲಿಸುತ್ತದೆ, ಅಂಕಿತ ಕವಿಯನ್ನು ಹಿಂದೆ ಸರಿಸಿ ಆರಾಧ್ಯನನ್ನು ಮುಂದೆ ತರುತ್ತದೆ.

ರಸ ಮತ್ತು ಧ್ವನಿ

ಭರತನ 'ನಾಟ್ಯಶಾಸ್ತ್ರ' ಹೇಳುವಂತೆ ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಕೂಡುವಿಕೆಯಿಂದ ರಸವುಂಟಾಗುತ್ತದೆ. ಭಾವಕ್ಕೆ ಕಾರಣವಾದದ್ದು ವಿಭಾವ, ಭಾವವನ್ನು ಹೊರಗೆ ತೋರಿಸುವ ಚೇಷ್ಟೆ ಅನುಭಾವ, ನಡುವೆ ಬಂದು ಹೋಗುವ ಭಾವ ವ್ಯಭಿಚಾರಿ. ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ ಎಂಬ ಎಂಟು ರಸಗಳ ಜೊತೆಗೆ ಶಾಂತವನ್ನು ಸೇರಿಸಿ ನವರಸಗಳೆನ್ನುವರು. ದಾಸರ ಹಾಡುಗಳನ್ನು ಅರಿಯಲು ಭಕ್ತಿಯನ್ನೂ ರಸವೆಂದು ಒಪ್ಪಬೇಕಾಗುತ್ತದೆ.

ಶಬ್ದವು ಅರ್ಥವನ್ನು ಮೂರು ಬಗೆಯಲ್ಲಿ ಕೊಡುತ್ತದೆ. ನೇರವಾದ ಅರ್ಥ ಕೊಡುವ ಶಕ್ತಿ ಅಭಿಧೆ. 'ನಾರಾಯಣಪೇಟೆಯೇ ಮಗ್ಗದ ಮುಂದೆ ಕೂತಿದೆ' ಎಂದರೆ ಊರು ಕೂರಲಾರದಾದ್ದರಿಂದ ಊರಿನ ನೇಕಾರರೆಂದು ಅರ್ಥ ಹೊಂದಿಸಿಕೊಳ್ಳುತ್ತೇವೆ, ಇದು ಲಕ್ಷಣೆ. 'ಇಂದು ಮಗ್ಗದ ಸದ್ದಿಲ್ಲ' ಎಂಬ ಮಾತು ಸಂದರ್ಭಕ್ಕೆ ತಕ್ಕಂತೆ ಹಬ್ಬವನ್ನೋ ಸೂತಕವನ್ನೋ ಕೆಲಸವಿಲ್ಲದ ಬವಣೆಯನ್ನೋ ಸೂಚಿಸಿದರೆ ಅದು ವ್ಯಂಜನೆ. ಹೀಗೆ ಸೂಚಿತವಾದ ಅರ್ಥವೇ ಪ್ರಧಾನವಾಗಿರುವ ಕಾವ್ಯವನ್ನು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಉತ್ತಮ ಕಾವ್ಯವೆಂದು ಪ್ರತಿಪಾದಿಸಿದನು. ಕನ್ನಡ ಓದುಗರಿಗೆ ಈ ಚಿಂತನೆಯನ್ನು ಸಮಗ್ರವಾಗಿ ತಿಳಿಸಿಕೊಟ್ಟ ಆಧುನಿಕ ಗ್ರಂಥ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'.

ಅಧ್ಯಯನದ ಕ್ರಮ

ಪರಿಭಾಷೆಯನ್ನು ವ್ಯಾಖ್ಯೆಗಳ ಪಟ್ಟಿಯಾಗಿ ಕಲಿತರೆ ಅದು ಪರೀಕ್ಷೆಯವರೆಗೆ ಮಾತ್ರ ಉಳಿಯುತ್ತದೆ. ಕೇಳುವ ಮತ್ತು ಓದುವ ಅಭ್ಯಾಸವಾಗಿ ಕಲಿತರೆ ಬದುಕಿನುದ್ದಕ್ಕೂ ಜೊತೆಗಿರುತ್ತದೆ. ಪದ್ಯವನ್ನು ಮೊದಲು ಗಟ್ಟಿಯಾಗಿ ಓದಿ ಅಥವಾ ಹಾಡಿ ಅದರ ನಡೆಯನ್ನು ಹಿಡಿಯುವುದು, ಆಮೇಲೆ ಲಘುಗುರುಗಳನ್ನು ಗುರುತಿಸಿ ಪ್ರಾಸವನ್ನು ಕಾಣುವುದು, ಬಳಿಕ ಅಲಂಕಾರವು ಯಾವ ಎರಡು ವಸ್ತುಗಳನ್ನು ಏತಕ್ಕಾಗಿ ಹತ್ತಿರ ತಂದಿದೆಯೆಂದು ವಿಚಾರಿಸುವುದು, ಕೊನೆಗೆ ಹೇಳದೆ ಉಳಿಸಿದ ಅರ್ಥವನ್ನೂ ಮನಸ್ಸಿನಲ್ಲಿ ನೆಲೆಗೊಂಡ ಭಾವವನ್ನೂ ಅರಸುವುದು ಇದಕ್ಕೆ ತಕ್ಕ ಕ್ರಮ. ಈ ಗಡಿನಾಡಿನ ಮಕ್ಕಳಲ್ಲಿ ಅನೇಕರು ಎರಡು ಮೂರು ಭಾಷೆಗಳ ಹಾಡನ್ನು ಕೇಳುತ್ತಲೇ ಬೆಳೆಯುತ್ತಾರೆ. ಕನ್ನಡದ ಪ್ರಾಸ, ತೆಲುಗಿನ ಯತಿಮೈತ್ರಿ, ಉರ್ದುವಿನ ಕಾಫಿಯಾಗಳನ್ನು ಒಂದೇ ಪಾಠದಲ್ಲಿ ಜೊತೆಯಾಗಿಟ್ಟು ಕಲಿಸಿದರೆ, ಆ ಬಹುಭಾಷಿಕ ಕಿವಿಯೇ ಅವರಿಗೆ ಕಾವ್ಯಶಾಸ್ತ್ರದ ಮೊದಲ ಗುರುವಾಗುತ್ತದೆ.